ಹಾಳೆಯ ಹಾಡುಗಳು: ರದ್ದಿಗೆ ಹೋಗುತ್ತಿರುವ ಚರಿತ್ರೆ

ದೇಶದ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಮೂರು ಕಡೆಗಳಲ್ಲಿ ಸಾಮಗ್ರಿಯನ್ನು ಅರಸುತ್ತಾರೆ: ಸರಕಾರದ ದಫ್ತರಗಳಲ್ಲಿ, ಮುಂದಾಳುಗಳ ಪತ್ರವ್ಯವಹಾರದಲ್ಲಿ, ವೃತ್ತಪತ್ರಿಕೆಗಳ ಹಳೆಯ ಕಡತಗಳಲ್ಲಿ. ಇವುಗಳಲ್ಲಿ ಅಧಿಕಾರಿಯ ಮಾತು ಸಿಗುತ್ತದೆ, ನಾಯಕನ ಮಾತು ಸಿಗುತ್ತದೆ, ಸಂಪಾದಕನ ಮಾತೂ ಸಿಗುತ್ತದೆ. ಆದರೆ ಪ್ರಭಾತಫೇರಿಯಲ್ಲಿ ನಸುಕಿನಲ್ಲಿ ನಡೆದವರು, ಸಂತೆಯಲ್ಲಿ ಲಾವಣಿಯವನ ಸುತ್ತ ನೆರೆದವರು, ಜಾತ್ರೆಯಿಂದ ಹಿಂದಿರುಗುವಾಗ ಮಡಿಲಲ್ಲಿ ಒಂದು ಅಚ್ಚಿನ ಹಾಳೆಯನ್ನು ಕಟ್ಟಿಕೊಂಡು ಹೋದವರು, ಇವರ ಬಾಯಲ್ಲಿ ಏನಿತ್ತೆಂಬುದು ಅಲ್ಲಿ ಸಿಗುವುದು ಅಪೂರ್ವ. ಅದು ಇದ್ದುದು ಆ ಹಾಳೆಯ ಮೇಲೆಯೇ. ಕಾಸಿಗೋ ಆಣೆಗೋ ಮಾರಾಟವಾದ, ಕೆಲವು ಸಲ ಧರ್ಮಾರ್ಥವಾಗಿ ಹಂಚಲ್ಪಟ್ಟ, ಓದಿ ಹಾಡಿ ಮುಗಿದ ಮೇಲೆ ಬೆಲ್ಲ ಕಟ್ಟುವುದಕ್ಕೆ ಬಳಕೆಯಾದ ಹಾಳೆ ಅದು. ಅಂಥ ಹಾಳೆಗಳನ್ನು ಕೂಡಿಸಿ, ಪಟ್ಟಿ ಮಾಡಿ, ಮುಂದಿನವರಿಗೆ ಒಪ್ಪಿಸುವ ಕಾರ್ಯವು ನಮ್ಮ ನಾಡಿನಲ್ಲಿ ಇನ್ನೂ ಕ್ರಮವಾಗಿ ಆರಂಭವಾಗಿಲ್ಲವೆಂಬುದನ್ನು ವಾಚಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಇಂಥ ಮುದ್ರಿತಗಳಿಗೆ ಇಂಗ್ಲಿಷರು ‘ಎಫೆಮೆರಾ’ ಎಂದು ಹೆಸರಿಟ್ಟಿದ್ದಾರೆ. ಒಂದು ದಿನ ಮಾತ್ರ ಬಾಳುವಂಥದು ಎಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದ ಮಾತು ಅದು. ಹಸ್ತಪತ್ರಿಕೆ, ಗೋಡೆಯ ಜಾಹೀರಾತು, ನಾಟಕ ಕಂಪನಿಯ ಕರಪತ್ರ, ಮದುವೆಯ ಆಮಂತ್ರಣ, ಟಾಕಿಯ ಹಾಡಿನ ಪುಸ್ತಿಕೆ ಎಲ್ಲವೂ ಈ ವರ್ಗಕ್ಕೆ ಸೇರುತ್ತವೆ. ಅಲ್ಪಾಯುಗಳೆಂದು ಹುಟ್ಟಿದ ಇವು ಉಳಿದುಬಂದಲ್ಲಿ ದೀರ್ಘಾಯುಗಳಾದ ಗ್ರಂಥಗಳು ಹೇಳದ ಸಂಗತಿಗಳನ್ನು ಹೇಳುತ್ತವೆ. ಕನ್ನಡದ ಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನ’ ೧೯೩೪ರಲ್ಲಿ ತೆರೆಗೆ ಬಂದಿತು. ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಸಾವಿರಾರು ರೂಪಾಯಿ ಸುರಿದು ತಯಾರಿಸಿದ ಚಿತ್ರವೇ ಹೀಗೆ ಅಳಿದುಹೋದಾಗ, ಅದರ ಕಾಲದ ಜಾಹೀರಾತಿನ ತುಂಡಿಗೂ ಹಾಡಿನ ಹಾಳೆಗೂ ಎಷ್ಟು ಬೆಲೆ ಬರುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಿಷಯದಲ್ಲಿ ಪಾಶ್ಚಾತ್ಯರ ನಡತೆಯನ್ನು ಸ್ವಲ್ಪ ನೋಡುವುದು ಉಚಿತ. ಇಂಗ್ಲೆಂಡಿನಲ್ಲಿ ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೂ ಹಾಡುಗಳು ಒಂದೇ ಮಗ್ಗುಲಲ್ಲಿ ಅಚ್ಚಾಗಿ ಬೀದಿಯಲ್ಲಿ ಮಾರಾಟವಾಗುತ್ತಿದ್ದವು. ಮೇಲ್ಗಡೆ ಒಂದು ಮರದಚ್ಚಿನ ಚಿತ್ರ. ಕೆಳಗೆ ‘ಇಂಥ ಧಾಟಿಯಲ್ಲಿ ಹಾಡತಕ್ಕದ್ದು’ ಎಂಬ ಸೂಚನೆ. ಅದರ ಕೆಳಗೆ ಪದ್ಯ. ಮಾರುವವನು ತಾನೇ ಹಾಡಿ ಗಿರಾಕಿಗಳನ್ನು ಕೂಡಿಸುತ್ತಿದ್ದನು. ಪಂಡಿತರು ಇವನ್ನು ಕಣ್ಣೆತ್ತಿಯೂ ನೋಡದ ಕಾಲದಲ್ಲಿ, ನೌಕಾಖಾತೆಯ ಅಧಿಕಾರಿಯಾಗಿದ್ದ ಸ್ಯಾಮ್ಯುಯೆಲ್ ಪೀಪ್ಸ್ ಎಂಬವನು ೧೮೦೦ಕ್ಕೂ ಹೆಚ್ಚಿನ ಹಾಳೆಗಳನ್ನು ಐದು ಸಂಪುಟಗಳಲ್ಲಿ ಅಂಟಿಸಿಟ್ಟನು. ಅದರ ಮೂಲ ಸಂಗ್ರಹವು ಜಾನ್ ಸೆಲ್ಡನ್ ಎಂಬ ನ್ಯಾಯವಿದನದು. ಪೀಪ್ಸನು ಸುಮ್ಮನೆ ಕೂಡಿಹಾಕಲಿಲ್ಲ. ಭಕ್ತಿ ಮತ್ತು ನೀತಿ, ಚರಿತ್ರೆ, ದುರಂತ, ರಾಜ್ಯದ ಕಾಲಮಾನ, ಪ್ರೇಮ, ವಿವಾಹ, ಸಮುದ್ರ, ಪಾನಗೋಷ್ಠಿ, ಹಾಸ್ಯ ಮೊದಲಾದ ತಲೆಬರಹಗಳ ಕೆಳಗೆ ವಿಂಗಡಿಸಿದನು. ೧೭೦೩ರಲ್ಲಿ ಅವನು ತೀರಿಕೊಂಡ ಮೇಲೆ ಆ ಸಂಪುಟಗಳು ಕೇಂಬ್ರಿಜ್ಜಿನ ಮ್ಯಾಗ್ಡಲೀನ್ ಕಾಲೇಜಿಗೆ ಸೇರಿ ಇಂದಿಗೂ ಅಲ್ಲಿಯೇ ಇವೆ.

ಜಾರ್ಜ್ ಥಾಮಸನ್ ಎಂಬ ಲಂಡನ್ನಿನ ಪುಸ್ತಕದ ವ್ಯಾಪಾರಿಯದು ಇನ್ನೂ ವಿಶೇಷ. ೧೬೪೦ರಿಂದ ೧೬೬೧ರವರೆಗೆ, ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದ ಕಾಲದಲ್ಲಿ, ಎರಡೂ ಪಕ್ಷದವರ ಸುಮಾರು ೨೨,೦೦೦ ಕರಪತ್ರ, ಹಾಳೆ, ವಾರ್ತಾಪತ್ರಗಳನ್ನು ಅವನು ಕೂಡಿಸಿದನು. ಅವುಗಳಲ್ಲಿ ಬಹಳಷ್ಟರ ಮೇಲೆ ಅದು ತನ್ನ ಕೈಗೆ ಬಂದ ದಿನಾಂಕವನ್ನು ಬರೆದಿಟ್ಟನು. ಈ ಚಿಕ್ಕ ಅಭ್ಯಾಸದ ಮಹತ್ವವನ್ನು ನೋಡಿರಿ! ಯಾವ ವದಂತಿ ಯಾವ ವಾರ ಹುಟ್ಟಿತು, ಯಾವ ಹಾಡಿಗೆ ಯಾವ ಹಾಡು ಉತ್ತರ ಎಂಬುದನ್ನು ಚರಿತ್ರಕಾರರು ಇಂದು ನಿರ್ಣಯಿಸಬಲ್ಲವರಾಗಿದ್ದರೆ, ಅದಕ್ಕೆ ಆ ವ್ಯಾಪಾರಿಯ ಲೇಖನಿಯ ಒಂದು ಗೆರೆಯೇ ಕಾರಣ. ೧೭೬೨ರಲ್ಲಿ ಮೂರನೆಯ ಜಾರ್ಜ್ ದೊರೆಯು ಆ ಸಂಗ್ರಹವನ್ನು ಕೊಂಡು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟನು. ನಮ್ಮ ಕಾಲದಲ್ಲಿ, ೨೦೦೩ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಾಂತಾ ಬಾರ್ಬರಾ ಶಾಖೆಯವರು ಪೀಪ್ಸನ ಹಾಳೆಗಳಿಂದ ಮೊದಲುಮಾಡಿ ಇಂಗ್ಲಿಷ್ ಹಾಡಿನ ಹಾಳೆಗಳ ಭಂಡಾರವೊಂದನ್ನು ಗಣಕಯಂತ್ರದ ಮೇಲೆ ಏರಿಸತೊಡಗಿದರು. ಇಂದು ಧಾರವಾಡದ ವಿದ್ಯಾರ್ಥಿಯೂ ಲಂಡನ್ನಿನ ಮುನ್ನೂರು ವರ್ಷ ಹಿಂದಿನ ಬೀದಿಹಾಡನ್ನು ಮನೆಯಲ್ಲಿ ಕುಳಿತು ಓದಬಹುದು. ತನ್ನ ಅಜ್ಜನು ಹಾಡಿದ ಹಾಡಿನ ಹಾಳೆಯನ್ನು ನೋಡಬೇಕೆಂದರೆ ಮಾತ್ರ ಅವನಿಗೆ ದಾರಿಯಿಲ್ಲ.

ಇನ್ನು ನಮ್ಮ ದೇಶದ ಸಂಗತಿಗೆ ಬರೋಣ. ಇಲ್ಲಿ ಒಂದು ವಿಚಿತ್ರವಿದೆ. ಪರಕೀಯ ಸರಕಾರವು ಹಾಡುಗಳಿಗೆ ಅಂಜಿತು. ೧೯೧೦ರ ಪ್ರೆಸ್ ಕಾಯದೆಯ ಮೇರೆಗೆ ಯಾವುದೇ ಮುದ್ರಿತವನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರವನ್ನು ಅದು ತೆಗೆದುಕೊಂಡಿತು. ೧೯೨೨ರಲ್ಲಿ ಆ ಕಾಯದೆ ರದ್ದಾದಾಗಲೂ ಮುಟ್ಟುಗೋಲಿನ ಅಧಿಕಾರವನ್ನು ಬಿಟ್ಟುಕೊಡದೆ ಕ್ರಿಮಿನಲ್ ಪ್ರೊಸೀಜರ್ ಕೋಡಿನ ೯೯-ಎ ಕಲಮಿನೊಳಗೆ ಸೇರಿಸಿತು. ೧೯೩೦ರಲ್ಲಿ ಆರ್ಡಿನೆನ್ಸು, ೧೯೩೧ರಲ್ಲಿ ತುರ್ತು ಅಧಿಕಾರಗಳ ಪ್ರೆಸ್ ಕಾಯದೆ ಬಂದವು. ೧೯೧೪ರಲ್ಲಿ ಸಾನ್‌ಫ್ರಾನ್ಸಿಸ್ಕೋದಲ್ಲಿ ಅಚ್ಚಾದ ‘ಗದರ್ ದೀ ಗೂಂಜ್’ ಎಂಬ ಪಂಜಾಬಿ ಕವಿತೆಗಳ ಪುಸ್ತಿಕೆ ನಿಷಿದ್ಧವಾಯಿತು. ೧೯೨೪ರಲ್ಲಿ ಬಂಗಾಲದ ನಜ್ರುಲ್ ಇಸ್ಲಾಮರ ‘ಬಿಷೇರ್ ಬಾಂಶಿ’, ‘ಭಾಂಗಾರ್ ಗಾನ್’ ಎಂಬ ಕವನಸಂಗ್ರಹಗಳಿಗೆ ಅದೇ ಗತಿಯಾಯಿತು. ೧೯೨೮ರಲ್ಲಿ, ಸುಬ್ರಹ್ಮಣ್ಯ ಭಾರತಿಯವರು ಕಾಲವಾಗಿ ಏಳು ವರ್ಷಗಳು ಕಳೆದ ಮೇಲೆ, ಬರ್ಮಾ ಸರಕಾರದ ಆಜ್ಞೆಯನ್ನು ಹಿಡಿದು ಮದ್ರಾಸಿನ ಪೋಲೀಸರು ಅವರ ಪದ್ಯಗಳ ಪ್ರತಿಗಳನ್ನು ಜಪ್ತಿ ಮಾಡಿದರು. ಶಾಸನಸಭೆಯಲ್ಲಿ ಸತ್ಯಮೂರ್ತಿಗಳು ಅದನ್ನು ಬಲವಾಗಿ ಪ್ರತಿಭಟಿಸಿದರು. ಇವು ಹೆಸರಾಂತ ಕವಿಗಳ ಮಾತು. ಹೆಸರಿಲ್ಲದ ಕವಿಗಳ ಎಂಟು ಪುಟದ ಪುಸ್ತಿಕೆಗಳೂ ಹಾಳೆಗಳೂ ಜಪ್ತಿಯಾದದ್ದು ಇದಕ್ಕಿಂತ ಎಷ್ಟೋ ಹೆಚ್ಚು.

ವಿಚಿತ್ರವು ಮುಂದಿದೆ. ಜಪ್ತಿ ಮಾಡಿದ ಸರಕಾರವು ಎಲ್ಲವನ್ನೂ ಸುಡಲಿಲ್ಲ. ನಿಷಿದ್ಧ ಮುದ್ರಿತಗಳ ಪ್ರತಿಗಳನ್ನು ತನ್ನ ಗೃಹಖಾತೆಯಲ್ಲಿ ಇಟ್ಟುಕೊಂಡಿತು. ಲಂಡನ್ನಿನ ಇಂಡಿಯಾ ಆಫೀಸಿಗೂ ಬ್ರಿಟಿಷ್ ಮ್ಯೂಸಿಯಮ್ಮಿಗೂ ಕಳುಹಿಸಿತು. ಪರಿಣಾಮವಾಗಿ, ಆಳಿದವರ ಕಣ್ಣಿಗೆ ವಿಷವಾಗಿದ್ದ ಸಾಹಿತ್ಯವು ಆಳಿದವರ ಕಪಾಟಿನಲ್ಲಿಯೇ ಸುರಕ್ಷಿತವಾಗಿ ಉಳಿಯಿತು. ೧೯೭೪ರಲ್ಲಿ ಅಮೇರಿಕದ ಜೆರಾಲ್ಡ್ ಬ್ಯಾರಿಯರ್ ಎಂಬ ವಿದ್ವಾಂಸರು ೧೯೦೭ರಿಂದ ೧೯೪೭ರವರೆಗಿನ ನಿಷಿದ್ಧ ಸಾಹಿತ್ಯವನ್ನು ಕುರಿತು ಒಂದು ಗ್ರಂಥವನ್ನೇ ಬರೆದರು. ೧೯೮೫ರಲ್ಲಿ ಗ್ರಹಾಮ್ ಶಾ ಮತ್ತು ಮೇರಿ ಲಾಯ್ಡ್ ಎಂಬವರು ಲಂಡನ್ನಿನ ಸಂಗ್ರಹಗಳ ವಿವರವಾದ ಪಟ್ಟಿಯನ್ನು ಪ್ರಕಟಿಸಿದರು. ದಿಲ್ಲಿಯ ರಾಷ್ಟ್ರೀಯ ಅಭಿಲೇಖಾಲಯವೂ ೧೯೮೦ರ ದಶಕದಲ್ಲಿ ತನ್ನಲ್ಲಿರುವ ನಿಷಿದ್ಧ ರಾಷ್ಟ್ರಗೀತಗಳನ್ನು ಹೊರತಂದಿತು. ಪೋಲೀಸರ ಕೈಗೆ ಸಿಕ್ಕಿದ ಹಾಡು ಬದುಕಿಕೊಂಡಿತು. ಸಿಗದೆ ಉಳಿದ ಹಾಡು, ನಮ್ಮ ಮನೆಯ ಅಟ್ಟದ ಮೇಲೆ ಭದ್ರವಾಗಿದೆಯೆಂದು ನಾವು ನಂಬಿದ್ದ ಹಾಡು, ಗೆದ್ದಲಿನ ಪಾಲಾಯಿತು. ಈ ಮಾತು ಕಹಿಯಾದರೂ ಯೋಗ್ಯವಾದುದೇ. ಯಾಕಂದರೆ ೧೯೪೭ರ ಆಗಸ್ಟ್ ೧೫ರ ಅನಂತರ ಆದ ನಷ್ಟಕ್ಕೆ ಪರಕೀಯರನ್ನು ದೂರುವಂತಿಲ್ಲ.

ಕರ್ನಾಟಕದ ಮಟ್ಟಿಗೂ ಇಂಥದೇ ಉದಾಹರಣೆಯುಂಟು. ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿ, ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಲೊಲ್ಲದೆ ಕಾದಿದ ಹಲಗಲಿಯ ಬೇಡರ ಲಾವಣಿ, ಇವು ಮೊದಲು ವಿದ್ವತ್ಪ್ರಪಂಚಕ್ಕೆ ತಿಳಿದದ್ದು ಯಾರಿಂದ? ಮುಂಬಯಿ ಇಲಾಖೆಯ ಸಿವಿಲ್ ಅಧಿಕಾರಿಯಾಗಿದ್ದ ಜಾನ್ ಫೇಯ್ತ್‌ಫುಲ್ ಫ್ಲೀಟ್ ಎಂಬ ಶಾಸನತಜ್ಞನಿಂದ. ಹಾಡುವವರ ಬಾಯಿಂದ ಸಂಗ್ರಹಿಸಿ, ೧೮೮೫ರಿಂದ ಕೆಲವು ವರ್ಷ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಡನೆ ಅವನು ಅವನ್ನು ಪ್ರಕಟಿಸಿದನು. ತನ್ನ ಸರಕಾರವನ್ನೇ ಎದುರಿಸಿದವರ ಹಾಡನ್ನು ಅವನು ಬರೆದಿಟ್ಟದ್ದರಿಂದಲೇ ಆ ಪಾಠಗಳು ಇಂದಿನ ಸಂಶೋಧಕರಿಗೆ ಆಧಾರವಾಗಿವೆ. ಅನಂತರದ ಕಾಲದಲ್ಲಿ ನಮ್ಮವರೇ ಆದ ಜಾನಪದ ವಿದ್ವಾಂಸರು ಬಾಯಿಹಾಡುಗಳನ್ನು ಸಂಗ್ರಹಿಸುವ ಕಾರ್ಯವನ್ನು ಶ್ರದ್ಧೆಯಿಂದ ಮಾಡಿದ್ದಾರೆ. ಅದಕ್ಕಾಗಿ ನಾಡು ಅವರಿಗೆ ಋಣಿಯಾಗಿದೆ. ಆದರೆ ಅಚ್ಚಾದ ಹಾಳೆಯು ಎರಡಕ್ಕೂ ನಡುವೆ ಬಿದ್ದಿದೆ. ಜಾನಪದದವರು ‘ಇದು ಅಚ್ಚಿನದು’ ಎಂದು ಬಿಟ್ಟರು. ಗ್ರಂಥಾಲಯದವರು ‘ಇದು ಗ್ರಂಥವಲ್ಲ’ ಎಂದು ಬಿಟ್ಟರು.

ಕಾಯದೆಯೂ ಇದಕ್ಕೆ ಒತ್ತಾಸೆಯಾಗಲಿಲ್ಲ. ೧೮೬೭ರ ಪ್ರೆಸ್ ಮತ್ತು ಗ್ರಂಥಗಳ ನೋಂದಣಿ ಕಾಯದೆಯ ಮೇರೆಗೆ ಮುದ್ರಕರು ಗ್ರಂಥದ ಪ್ರತಿಗಳನ್ನು ಸರಕಾರಕ್ಕೆ ಒಪ್ಪಿಸಬೇಕಾಗಿತ್ತು. ಪ್ರಾಂತಗಳ ಗೆಜೆಟ್ಟಿನಲ್ಲಿ ಮೂರು ತಿಂಗಳಿಗೊಮ್ಮೆ ಅವುಗಳ ಪಟ್ಟಿ ಬರುತ್ತಿತ್ತು. ಆ ಕಾಯದೆಯ ‘ಗ್ರಂಥ’ದ ವ್ಯಾಖ್ಯೆಯಲ್ಲಿ ಸಂಪುಟ, ಪುಸ್ತಿಕೆ, ಸಂಗೀತದ ಹಾಳೆ, ನಕ್ಷೆ ಇವುಗಳ ಹೆಸರಿತ್ತು, ಬೀದಿಯ ಪದ್ಯದ ಒಂಟಿ ಹಾಳೆಯ ಹೆಸರಿರಲಿಲ್ಲ. ೧೯೫೪ರ ಗ್ರಂಥಾರ್ಪಣ ಕಾಯದೆಯು ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಸಲ್ಲಬೇಕೆಂದು ವಿಧಿಸಿದರೂ ಹಾಳೆಯ ಸ್ಥಿತಿ ಸುಧಾರಿಸಲಿಲ್ಲ. ೧೮೬೭ರ ಕಾಯದೆಯ ಸ್ಥಾನದಲ್ಲಿ ಬಂದ ೨೦೨೩ರ ಕಾಯದೆಯು ನಿಯತಕಾಲಿಕಗಳನ್ನು ಮಾತ್ರ ಹಿಡಿದುಕೊಂಡು ಗ್ರಂಥಗಳನ್ನೇ ತನ್ನ ವ್ಯಾಪ್ತಿಯಿಂದ ಬಿಟ್ಟಿದೆ. ಆದುದರಿಂದ ಈ ಕೆಲಸವು ಸರಕಾರದ ಆಜ್ಞೆಯಿಂದ ತಾನಾಗಿ ಆಗತಕ್ಕದ್ದಲ್ಲ. ಅಭಿಮಾನಿಗಳಾದ ನಾಗರಿಕರಿಂದ ಆಗಬೇಕು.

ಒಬ್ಬ ವ್ಯಕ್ತಿಯಿಂದ ಏನು ಸಾಧ್ಯವೆಂದು ಕೇಳುವವರು ನೆರೆಯ ತಮಿಳುನಾಡನ್ನು ನೋಡಬೇಕು. ಚೆಟ್ಟಿನಾಡಿನ ಕೋಟ್ಟೈಯೂರಿನ ರೋಜಾ ಮುತ್ತಯ್ಯ ಚೆಟ್ಟಿಯಾರರು ಹಲಗೆಗಳ ಮೇಲೆ ಹೆಸರು ಬರೆಯುವ ಕಲಾವಿದರಾಗಿದ್ದವರು. ಯಾವ ವಿಶ್ವವಿದ್ಯಾನಿಲಯದ ನೆರವೂ ಇಲ್ಲದೆ ಅವರು ತಮಿಳಿನ ಗ್ರಂಥ, ಪತ್ರಿಕೆ, ನಾಟಕದ ಕರಪತ್ರ, ಆಮಂತ್ರಣ ಮೊದಲಾದ ಸುಮಾರು ಒಂದು ಲಕ್ಷ ಮುದ್ರಿತಗಳನ್ನು ಕೂಡಿಸಿದರು. ೧೯೯೨ರಲ್ಲಿ ಅವರು ತೀರಿಕೊಂಡ ಮೇಲೆ ಶಿಕಾಗೋ ವಿಶ್ವವಿದ್ಯಾನಿಲಯದವರು ಸಂಗ್ರಹವನ್ನು ಕೊಂಡರು. ಆದರೆ ಅದನ್ನು ಹೊರದೇಶಕ್ಕೆ ಒಯ್ಯಲಿಲ್ಲ; ೧೯೯೪ರಲ್ಲಿ ಚೆನ್ನೈಯಲ್ಲಿಯೇ ಸಂಶೋಧನ ಗ್ರಂಥಾಲಯವಾಗಿ ನಿಲ್ಲಿಸಿದರು. ಮದ್ರಾಸಿನ ‘ಗುಜಿಲಿ’ ಪೇಟೆಯಲ್ಲಿ ಮಾರಾಟವಾಗುತ್ತಿದ್ದ ಅಗ್ಗದ ಹಾಡಿನ ಪುಸ್ತಿಕೆಗಳನ್ನು ಇಂದು ತಮಿಳು ವಿದ್ವಾಂಸರು ಗೌರವದಿಂದ ಅಭ್ಯಸಿಸುತ್ತಿದ್ದಾರೆ. ಕನ್ನಡಿಗರಲ್ಲಿ ಇಂಥ ಛಲವಂತರು ಇಲ್ಲವೆಂದಲ್ಲ. ಅವರ ಪರಿಶ್ರಮಕ್ಕೆ ನೆಲೆಯಿಲ್ಲ, ಪಟ್ಟಿಯಿಲ್ಲ. ಅವರು ಕಣ್ಮುಚ್ಚಿದೊಡನೆ ಸಂಗ್ರಹವು ತೂಕದ ಲೆಕ್ಕದಲ್ಲಿ ರದ್ದಿ ಅಂಗಡಿಗೆ ಹೋಗುತ್ತದೆ.

ಪಟ್ಟಿ ಮಾಡುವುದೆಂದರೆ ಹೆಸರು ಬರೆದಿಡುವುದಷ್ಟೇ ಅಲ್ಲ. ಪಟ್ಟಿಯಿಲ್ಲದ ಸಂಗ್ರಹವು ಬೀಗದ ಕೈ ಕಳೆದ ಪೆಟ್ಟಿಗೆಯಂತೆ. ಗ್ರಂಥಕ್ಕೆ ಮುಖಪುಟವುಂಟು, ಹಾಳೆಗೆ ಅದಿಲ್ಲವಾದುದರಿಂದ ಪಟ್ಟಿಕಾರನು ಹೆಚ್ಚು ಜಾಗರೂಕನಾಗಿರಬೇಕು. ತಲೆಬರಹದೊಡನೆ ಮೊದಲ ಸಾಲನ್ನೂ ಪಲ್ಲವಿಯನ್ನೂ ಅವಶ್ಯವಾಗಿ ಬರೆದುಕೊಳ್ಳಬೇಕು. ಒಂದೇ ಹಾಡು ಬೇರೆ ಬೇರೆ ತಲೆಬರಹಗಳಿಂದ ಅಚ್ಚಾಗುತ್ತದೆ, ಬೇರೆ ಹಾಡುಗಳು ಒಂದೇ ತಲೆಬರಹವನ್ನು ಹೊರುತ್ತವೆ. ಕವಿಯ ಹೆಸರು ಮೇಲೆ ಇಲ್ಲದಿದ್ದರೆ ಕೊನೆಯ ನುಡಿಯಲ್ಲಿ ಅಂಕಿತವನ್ನು ಹುಡುಕಬೇಕು. ಲಾವಣಿಕಾರರು ತಮ್ಮ ಊರನ್ನೂ ಗುರುವನ್ನೂ ಅಲ್ಲಿಯೇ ಹೇಳುವ ವಾಡಿಕೆ. ಯಾವ ಧಾಟಿಯಲ್ಲಿ ಹಾಡಬೇಕೆಂಬ ಸೂಚನೆಯನ್ನು ಬಿಡಬಾರದು. ಮರಾಠಿ ನಾಟಕದ ಧಾಟಿಯೋ, ದಾಸರ ಪದದ ಧಾಟಿಯೋ, ಟಾಕಿಯ ಧಾಟಿಯೋ ಎಂಬುದರಿಂದ ಆ ಊರಿನ ಕಿವಿಗೆ ಯಾವುದು ಪರಿಚಿತವಾಗಿತ್ತೆಂಬುದು ಗೊತ್ತಾಗುತ್ತದೆ.

ಕಾಲನಿರ್ಣಯಕ್ಕೆ ಹಾಳೆಯಲ್ಲಿಯೇ ಅನೇಕ ಗುರುತುಗಳಿವೆ. ಇಸವಿ ಇಲ್ಲದೆ ಸಂವತ್ಸರದ ಹೆಸರು ಮಾತ್ರವಿದ್ದರೆ ಅರವತ್ತು ವರ್ಷದ ಆವರ್ತನೆಯನ್ನು ನೆನೆಯಬೇಕು. ‘ಪ್ರಮೋದೂತ’ವೆಂದರೆ ೧೮೭೦-೭೧ ಆಗಬಹುದು, ೧೯೩೦-೩೧ ಆಗಬಹುದು; ಉಪ್ಪಿನ ಸತ್ಯಾಗ್ರಹದ ಪ್ರಸ್ತಾಪವಿದ್ದರೆ ಎರಡನೆಯದೇ ಸರಿ. ಶಕವರ್ಷವಿದ್ದರೆ ಎಪ್ಪತ್ತೆಂಟನ್ನು ಕೂಡಿಸಬೇಕು. ಆದರೆ ಪುಷ್ಯ, ಮಾಘ, ಫಾಲ್ಗುಣ ಮಾಸಗಳ ಹಾಳೆಯು ಬಹುಮಟ್ಟಿಗೆ ಮುಂದಿನ ಇಸವಿಗೆ ಸೇರುತ್ತದೆಂಬುದನ್ನು ಮರೆಯಬಾರದು. ಬೆಲೆಯು ಆಣೆಯಲ್ಲಿದ್ದರೆ ಹಾಳೆಯು ದಶಮಾಂಶ ನಾಣ್ಯವು ಬಂದ ೧೯೫೭ಕ್ಕಿಂತ ಹಿಂದಿನದೆಂದು ಸಾಮಾನ್ಯವಾಗಿ ಹೇಳಬಹುದು. ವಿಳಾಸದಲ್ಲಿ ‘ಮುಂಬಯಿ ಇಲಾಖೆ’ ಎಂದೋ ‘ಮೈಸೂರು ಸಂಸ್ಥಾನ’ ಎಂದೋ ಇದ್ದರೆ ಅದೂ ಒಂದು ಸಾಕ್ಷಿ. ಆದುದರಿಂದ ಊರು ಜಿಲ್ಲೆಗಳ ಹೆಸರನ್ನು ಅಚ್ಚಾದಂತೆಯೇ ನಕಲು ಮಾಡಿ, ಇಂದಿನ ಹೆಸರನ್ನು ಬೇರೆಯಾಗಿ ಬರೆಯಬೇಕು. ಬಾಗಲಕೋಟೆ ಜಿಲ್ಲೆಯು ೧೯೯೭ರಲ್ಲಿ ಆಯಿತು. ಅದಕ್ಕೆ ಹಿಂದಿನ ಹಾಳೆಯನ್ನು ತಿದ್ದಿ ‘ಬಾಗಲಕೋಟೆ ಜಿಲ್ಲೆ’ ಎಂದರೆ ಸಾಕ್ಷಿಯನ್ನು ಕೆಡಿಸಿದಂತಾಯಿತು.

ಮುದ್ರಕನ ಹೆಸರು ಮತ್ತೊಂದು ಮುಖ್ಯ ಸಂಗತಿ. ೧೮೬೭ರ ಕಾಯದೆಯ ಮೂರನೆಯ ಕಲಮಿನ ಮೇರೆಗೆ ಅಚ್ಚಾದ ಪ್ರತಿಯೊಂದು ಗ್ರಂಥ ಮತ್ತು ಪತ್ರದ ಮೇಲೆ ಮುದ್ರಕನ ಹೆಸರೂ ಸ್ಥಳವೂ ಇರಲೇಬೇಕಾಗಿತ್ತು. ಅದು ಇಲ್ಲದ ಹಾಳೆಯನ್ನು ಕಂಡರೆ ಕೊರತೆಯೆಂದು ಬಗೆದು ಮುಂದೆ ಹೋಗಬಾರದು. ೧೯೩೦ರ ಅಥವಾ ೧೯೪೨ರ ಹಾಳೆಯಲ್ಲಿ ಆ ಹೆಸರನ್ನು ಬೇಕೆಂದೇ ಬಿಟ್ಟಿರಬಹುದು. ಠೇವಣಿಯನ್ನೂ ಮೊಳೆಗಳನ್ನೂ ಯಂತ್ರವನ್ನೂ ಕಳೆದುಕೊಳ್ಳುವ ಭಯದ ನಡುವೆ ರಾತ್ರಿಯಲ್ಲಿ ಅಚ್ಚು ಹಾಕಿದವನ ಸಾಹಸಕ್ಕೆ ಆ ಬರಿದಾದ ಜಾಗವೇ ಸ್ಮಾರಕ. ಅಂಥಲ್ಲಿ ‘ಮುದ್ರಕರ ಹೆಸರಿಲ್ಲ’ ಎಂದು ಸ್ಪಷ್ಟವಾಗಿ ಬರೆದು, ಮೊಳೆಗಳ ಆಕಾರವನ್ನೂ ಅಂಚಿನ ಹೂಬಳ್ಳಿಯನ್ನೂ ಗಮನಿಸಿಟ್ಟರೆ, ಹೆಸರಿರುವ ಇನ್ನೊಂದು ಹಾಳೆಯೊಡನೆ ಹೋಲಿಸಿ ಛಾಪಖಾನೆಯನ್ನು ಗುರುತಿಸಲು ಮುಂದೆ ಅನುಕೂಲವಾಗುವುದು. ಕೊನೆಯದಾಗಿ, ಹಾಳೆಯು ಯಾವ ಊರಿನಲ್ಲಿ, ಯಾವ ಬಗೆಯ ಮನೆಯಿಂದ, ಯಾವ ದಿನ ಬಂದಿತೆಂಬುದನ್ನು ಥಾಮಸನ್ನನಂತೆ ಬರೆದಿಡಬೇಕು. ಹಾಳೆಯ ಮೇಲಾದರೆ ಸೀಸದ ಕಡ್ಡಿಯಿಂದ ಮಾತ್ರ.

ಇಲ್ಲಿ ಒಂದು ಆಕ್ಷೇಪಣೆಯನ್ನು ಪರಿಶೀಲಿಸುವುದು ಅವಶ್ಯ. ‘ಈ ಪದ್ಯಗಳಲ್ಲಿ ಕಾವ್ಯಗುಣವೆಲ್ಲಿದೆ? ಛಂದಸ್ಸು ತಪ್ಪು, ಕಾಗುಣಿತ ತಪ್ಪು. ಒಳ್ಳೆಯವನ್ನು ಆರಿಸಿಕೊಂಡು ಉಳಿದುದನ್ನು ಬಿಡಬಾರದೇಕೆ?’ ಎಂದು ಕೆಲವರು ಕೇಳುವರು. ಇನ್ನು ಕೆಲವರು, ದೇಶಭಕ್ತಿಯವು ಮಾತ್ರ ಸಾಕು, ೧೯೧೧ರ ದಿಲ್ಲಿ ದರ್ಬಾರಿನ ಕಾಲದ ಚಕ್ರವರ್ತಿಯ ಸ್ತುತಿಪದ್ಯಗಳು ನಮಗೇಕೆ ಎನ್ನುವರು. ಈ ಎರಡು ಮಾತುಗಳೂ ಒಪ್ಪತಕ್ಕವಲ್ಲ. ಪಟ್ಟಿಕಾರನು ರಸಪರೀಕ್ಷಕನಲ್ಲ, ನ್ಯಾಯಾಧೀಶನೂ ಅಲ್ಲ. ಸ್ತುತಿಪದ್ಯವನ್ನು ಅಚ್ಚು ಹಾಕಿದ ಊರಿನಲ್ಲಿಯೇ ಇಪ್ಪತ್ತು ವರ್ಷಗಳ ಅನಂತರ ಸತ್ಯಾಗ್ರಹದ ಪದ್ಯವು ಅಚ್ಚಾಯಿತೆಂದು ತೋರಿಸಬೇಕಾದರೆ ಎರಡು ಹಾಳೆಗಳೂ ಬೇಕು. ನಿಷಿದ್ಧ ಸಾಹಿತ್ಯವೆಲ್ಲ ಪವಿತ್ರವೆಂದು ಭಾವಿಸುವುದೂ ಭ್ರಮೆ; ಮತಮತಗಳ ನಡುವೆ ದ್ವೇಷವನ್ನು ಬಿತ್ತಿದ ಕರಪತ್ರಗಳೂ ಅದರಲ್ಲಿವೆ. ಅವನ್ನು ಹರಿದೊಗೆದರೆ ಆ ರೋಗವು ಹೇಗೆ ಹರಡಿತೆಂದು ತಿಳಿಯುವ ಸಾಧನವನ್ನೂ ಒಗೆದಂತಾಗುವುದು. ಥಾಮಸನ್ನನು ಎರಡೂ ಪಕ್ಷದ ಹಾಳೆಗಳನ್ನು ಕೂಡಿಸಿದ್ದರಿಂದಲೇ ಅವನ ಸಂಗ್ರಹಕ್ಕೆ ಬೆಲೆ.

ರಕ್ಷಣೆಯ ವಿಷಯದಲ್ಲಿ ತಡಮಾಡುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಅಗ್ಗದ ಕಾಗದವನ್ನು ಮರದ ತಿರುಳಿನಿಂದ ತಯಾರಿಸತೊಡಗಿದರು. ಅದರಲ್ಲಿ ಆಮ್ಲವಿರುವುದರಿಂದ ಕಾಗದವು ತನ್ನನ್ನು ತಾನೇ ತಿನ್ನುತ್ತದೆ. ಮೊದಲು ಹಳದಿಯಾಗಿ, ಆಮೇಲೆ ಕಂದಾಗಿ, ಕಡೆಗೆ ಮುಟ್ಟಿದರೆ ಮುರಿಯುವಂತಾಗುತ್ತದೆ. ನೂರಾರು ವರ್ಷಗಳ ತಾಳೆಗರಿ ಉಳಿದಿರುವ ಮನೆಯಲ್ಲಿ ೧೯೩೦ರ ಹಾಳೆ ಪುಡಿಯಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ. ಹರಿದ ಕಡೆಗೆ ಅಂಟುಪಟ್ಟಿ ಹಚ್ಚುವುದು, ಬಿಸಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿಬಿಡುವುದು, ಕಬ್ಬಿಣದ ಗುಂಡುಸೂಜಿ ಚುಚ್ಚುವುದು, ರಬ್ಬರಿನ ಪಟ್ಟಿಯಿಂದ ಬಿಗಿಯುವುದು ಇವೆಲ್ಲ ಪ್ರೀತಿಯಿಂದ ಮಾಡುವ ಕೊಲೆ. ಹಾಳೆಯ ಮಡಿಕೆಗಳನ್ನು ಬಿಡಿಸಿ, ಆಮ್ಲರಹಿತ ಕಾಗದದ ಹೊದಿಕೆಯಲ್ಲಿ ಚಪ್ಪಟೆಯಾಗಿ ಇಟ್ಟು, ಬಿಸಿಲು ತೇವಗಳಿಂದ ದೂರವಿರಿಸಿದರೆ ಬಹಳ ಕಾಲ ಬಾಳುವುದು. ಮೊದಲು ಛಾಯಾಚಿತ್ರ ತೆಗೆದುಕೊಂಡರೆ ಮೂಲವನ್ನು ಪದೇ ಪದೇ ಮುಟ್ಟುವ ಪ್ರಸಂಗವೂ ತಪ್ಪುವುದು. ಆದರೆ ಚಿತ್ರ ಬಂದಿತೆಂದು ಮೂಲವನ್ನು ಎಸೆಯಬಾರದು; ಕಾಗದದ ಗುಣ, ನೀರಿನಗುರುತು, ಮಸಿಯ ಒತ್ತು ಇವು ಚಿತ್ರದಲ್ಲಿ ಪೂರ್ತಿಯಾಗಿ ಬರುವುದಿಲ್ಲ.

ಹಕ್ಕುಸ್ವಾಮ್ಯದ ಭೀತಿಯಿಂದ ಹಿಂಜರಿಯುವವರಿಗೂ ಒಂದು ಮಾತು. ನಮ್ಮ ೧೯೫೭ರ ಕಾಯದೆಯಂತೆ ಕವಿಯ ಮರಣದ ಅನಂತರ ಅರವತ್ತು ವರ್ಷ ಕಳೆದರೆ, ಕರ್ತೃವಿನ ಹೆಸರೇ ತಿಳಿಯದ ಕೃತಿಯಾದರೆ ಪ್ರಕಟಣೆಯ ಅನಂತರ ಅರವತ್ತು ವರ್ಷ ಕಳೆದರೆ, ಅದು ಸಾರ್ವಜನಿಕರ ಸೊತ್ತು. ಸ್ವಾತಂತ್ರ್ಯಪೂರ್ವದ ಅನಾಮಧೇಯ ಹಾಳೆಗಳನ್ನು ಪ್ರಕಟಿಸಲು ಈ ಕಾಯದೆಯ ಅಡ್ಡಿಯಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ೧೮೯೦ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, ೧೯೧೫ರಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತು, ನಮ್ಮ ವಿಶ್ವವಿದ್ಯಾನಿಲಯಗಳು, ರಾಜ್ಯದ ಪತ್ರಾಗಾರ ಇವು ಒಂದು ಸಮಾನವಾದ ಪಟ್ಟಿಯ ನಮೂನೆಯನ್ನು ಮೊದಲು ಗೊತ್ತುಪಡಿಸಬೇಕು. ಹಾಳೆಗಳು ಎಲ್ಲಿಯೇ ಇರಲಿ, ಪಟ್ಟಿ ಒಂದೇ ಆಗಿರಲಿ. ತಾಲೂಕಿನ ಗ್ರಂಥಪಾಲಕರೂ ಶಾಲೆಯ ಉಪಾಧ್ಯಾಯರೂ ತಮ್ಮ ಊರಿನ ಹಳೆಯ ಛಾಪಖಾನೆಗಳ, ಕಾಂಗ್ರೆಸ್ ಕಾರ್ಯಕರ್ತರ, ನಾಟಕ ಮಂಡಳಿಗಳ ಮನೆಗಳಲ್ಲಿ ವಿಚಾರಿಸಲಿ. ೧೯೨೪ರ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೂ, ೧೯೩೦ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹಕ್ಕೂ, ೧೯೩೮ರ ಶಿವಪುರದ ಧ್ವಜಸತ್ಯಾಗ್ರಹಕ್ಕೂ ಹೋದವರ ಮನೆಗಳಲ್ಲಿ ಕಾಗದಪತ್ರಗಳ ಪೆಟ್ಟಿಗೆಗಳು ಇನ್ನೂ ಇರಬಹುದು. ಹಾಳೆಯನ್ನು ಕೊಡಲು ಮನಸ್ಸಿಲ್ಲದವರಿಂದ ಚಿತ್ರ ತೆಗೆದುಕೊಂಡು ಮೂಲವನ್ನು ಗೌರವದಿಂದ ಹಿಂದಿರುಗಿಸಿದರೂ ಅರ್ಧ ಕೆಲಸವಾದಂತೆಯೇ.

ಅಧಿಕಾರಸ್ಥಾನದಲ್ಲಿರುವ ವಾಚಕರು ತಮ್ಮ ಕಚೇರಿಯ ಹಳೆಯ ಕಡತಗಳನ್ನು ನಾಶಪಡಿಸುವ ಆಜ್ಞೆಗೆ ಸಹಿ ಹಾಕುವ ಮುನ್ನ, ಅವುಗಳ ನಡುವೆ ಜಪ್ತಿಯಾದ ಹಾಳೆಗಳಿವೆಯೇ ಎಂದು ಒಮ್ಮೆ ತೆರೆದು ನೋಡಲಿ. ಗೃಹಸ್ಥರಾದ ವಾಚಕರು ದೀಪಾವಳಿಗೆ ಮನೆ ಸ್ವಚ್ಛಗೊಳಿಸುವಾಗ ಅಟ್ಟದ ಕಾಗದದ ಕಟ್ಟನ್ನು ತೂಕಕ್ಕೆ ಹಾಕುವ ಮೊದಲು ಬಿಚ್ಚಿ ನೋಡಲಿ. ಆ ಹಾಡುಗಳನ್ನು ಕಂಠದಿಂದ ಹಾಡಿದ ಹಿರಿಯರು ಒಬ್ಬೊಬ್ಬರಾಗಿ ನಮ್ಮನ್ನು ಅಗಲಿದ್ದಾರೆ. ಧಾಟಿಯನ್ನು ಕೇಳಿ ತಿಳಿಯುವ ಕಾಲ ಬಹುಮಟ್ಟಿಗೆ ಮುಗಿಯಿತು. ಹಾಳೆಯನ್ನು ಓದಿ ತಿಳಿಯುವ ಕಾಲವಾದರೂ ಮುಗಿಯದಿರಲಿ.